ನಲವತ್ತೈದರ ಮೇಲೊಂದು ತೂಬು

ಮಂಡ್ಯದ ಬಸ್‌ ನಿಲ್ದಾಣದಲ್ಲಾಗಲಿ, ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಾಗಲಿ, ಮಳವಳ್ಳಿಯ ಸಂತೆಯಲ್ಲಾಗಲಿ ನಲವತ್ತೈದು ದಾಟಿದ ಯಾರನ್ನಾದರೂ ‘ಏನಣ್ಣ ಸಮಾಚಾರ’ ಎಂದು ಕೇಳಿ ನೋಡಿ. ‘ಏನಿದ್ದದು, ಹಿಂಗೇ ಕಾಲ ನೂಕ್ತಾ ಇವ್ನಿ’ ಎಂಬುದೇ ಬಹುಪಾಲು ಉತ್ತರ. ತಾನಾಗಿ ಓಡುವ ಗಾಡಿಯನ್ನು ಯಾರೂ ನೂಕುವುದಿಲ್ಲ. ನೂಕಬೇಕಾಗಿ ಬಂದಿದೆ ಎಂದರೆ ಒಳಗೆ ಎಲ್ಲೋ ನಿಂತಿದೆ ಎಂದೇ ಅರ್ಥ. ಹಾಗಂತ ಹೇಳಿಕೊಳ್ಳುವಂಥ ಅನಾಹುತವೇನೂ ಆಗಿರುವುದಿಲ್ಲ. ಮಗ ಬೆಂಗಳೂರಿನಲ್ಲಿದ್ದಾನೆ, ಮಗಳ ಮದುವೆಯಾಗಿದೆ ಅಥವಾ ಆಗಬೇಕಿದೆ, ಕಬ್ಬು ಕಾರ್ಖಾನೆಗೆ ಹೋಗಿದೆ, ದುಡ್ಡು ಬರಬೇಕಿದೆ, ಸಂಬಳದವರಾದರೆ ನಿವೃತ್ತಿಗೆ ಹತ್ತು ಹನ್ನೆರಡು ವರ್ಷ ಉಳಿದಿದೆ. ಇಪ್ಪತ್ತೈದರಲ್ಲಿ ಓಡಿಸುತ್ತಿದ್ದ ಗುರಿಗಳು ಒಂದೋ ಮುಟ್ಟಿವೆ, ಇಲ್ಲವೇ ಮುಟ್ಟುವುದಿಲ್ಲ ಎಂದು ಖಚಿತವಾಗಿದೆ. ಮುಂದಿನ ಇಪ್ಪತ್ತೈದು ವರ್ಷಕ್ಕೆ ಏನು ಎಂಬ ಪ್ರಶ್ನೆಗೆ ಮನೆಯಲ್ಲಿ ಯಾರೂ ಉತ್ತರ ಕೇಳುವುದಿಲ್ಲ, ನಾವೂ ಹುಡುಕುವುದಿಲ್ಲ. ಈ ಬರಹ ಆ ಪ್ರಶ್ನೆಯನ್ನು ಕುರಿತದ್ದು.

ಈ ಮಂಕು ಯಾರೊಬ್ಬರ ಸೊತ್ತೂ ಅಲ್ಲ. ‘ನಡುವಯಸ್ಸಿನ ಬಿಕ್ಕಟ್ಟು’ ಎಂಬ ಮಾತನ್ನು ಚಲಾವಣೆಗೆ ತಂದದ್ದು ಕೆನಡಾ ಮೂಲದ ಮನೋವಿಶ್ಲೇಷಕ ಎಲಿಯಟ್‌ ಜಾಕ್ಸ್‌, 1965ರಲ್ಲಿ. 2008ರಲ್ಲಿ ಬ್ಲಾಂಚ್‌ಫ್ಲವರ್‌ ಮತ್ತು ಆಸ್ವಾಲ್ಡ್‌ ಎಂಬ ಅರ್ಥಶಾಸ್ತ್ರಜ್ಞರು ಹಲವು ದೇಶಗಳ ಸಮೀಕ್ಷೆಗಳನ್ನು ಒಟ್ಟಿಗೆ ಇಟ್ಟು ನೋಡಿ, ಬದುಕಿನ ಬಗೆಗಿನ ತೃಪ್ತಿ ಬಾಣಲೆಯ ಆಕಾರದಲ್ಲಿ ಇಳಿದು ಏರುತ್ತದೆ, ತಳ ಸಿಗುವುದು ನಲವತ್ತರ ನಡುಭಾಗದಲ್ಲಿ ಎಂದರು. 2012ರಲ್ಲಿ 508 ಚಿಂಪಾಂಜಿ, ಒರಾಂಗುಟಾನ್‌ಗಳನ್ನು ನೋಡಿಕೊಳ್ಳುವವರನ್ನು ಕೇಳಿ ನಡೆಸಿದ ಅಧ್ಯಯನದಲ್ಲೂ ಇಂಥದೇ ಬಾಣಲೆ ಕಂಡಿತು. ಚಿಂಪಾಂಜಿಯ ಸಂಕಟವನ್ನು ಅದರ ಕಾವಲುಗಾರನ ಬಾಯಿಂದ ಕೇಳಿ ಬರೆದದ್ದನ್ನು ಎಷ್ಟು ನಂಬಬೇಕೋ ಅಷ್ಟೇ ನಂಬೋಣ. ಈ ಬಾಣಲೆಯ ಬಗ್ಗೆ ತಕರಾರುಗಳೂ ಇವೆ: ಒಬ್ಬನೇ ಮನುಷ್ಯನನ್ನು ಐವತ್ತು ವರ್ಷ ಹಿಂಬಾಲಿಸದೆ ಬೇರೆ ಬೇರೆ ವಯಸ್ಸಿನವರನ್ನು ಒಂದೇ ಕಾಲದಲ್ಲಿ ಹೋಲಿಸಿದ್ದು, ಇತ್ತೀಚೆಗೆ ಹಲವು ದೇಶಗಳಲ್ಲಿ ಎಳೆಯರೇ ಹೆಚ್ಚು ಬಳಲುತ್ತಿರುವುದು. ಆದರೂ ನಮಗೆ ಬೇಕಾದಷ್ಟು ಇದರಲ್ಲಿದೆ. ತಳ ಮುಟ್ಟಿದಂತೆ ಅನ್ನಿಸುವುದು ಸಾಮಾನ್ಯ. ಅದನ್ನು ಹಣೆಬರಹವೆಂದೋ ಗ್ರಹಚಾರವೆಂದೋ ಎಣಿಸಿ ಕೂರುವ ಕಾರಣವಿಲ್ಲ. ಇನ್ನೊಂದು ಸಂಗತಿಯೂ ಇದೆ. ಅಮೆರಿಕದ ಆರು ಸಾವಿರಕ್ಕೂ ಹೆಚ್ಚು ಜನರನ್ನು 14 ವರ್ಷ ಹಿಂಬಾಲಿಸಿ 2014ರಲ್ಲಿ ಹಿಲ್‌ ಮತ್ತು ಟುರಿಯಾನೊ ಪ್ರಕಟಿಸಿದ ಅಧ್ಯಯನದಲ್ಲಿ, ಬದುಕಿಗೊಂದು ಉದ್ದೇಶವಿದೆ ಎಂದವರಲ್ಲಿ ಆ ಅವಧಿಯ ಸಾವು ಕಡಿಮೆಯಿತ್ತು. ಉದ್ದೇಶದಿಂದಲೇ ಆಯುಸ್ಸು ಬಂತೆಂದು ಇದರಿಂದ ಸಾಧಿಸಲಾಗದು. ಆದರೆ ಆ ನಂಟು ಎಳೆಯರಲ್ಲೂ ಮುದುಕರಲ್ಲೂ ಒಂದೇ ರೀತಿ ಕಂಡಿತು ಎಂಬುದು ನಲವತ್ತೈದರವರು ಗಮನಿಸಬೇಕಾದದ್ದು.

ಹಾಗಾದರೆ ಆ ಉದ್ದೇಶ ಸಿಗುವುದೆಲ್ಲಿ? ಬಹುಪಾಲು ಉಪದೇಶ ಒಂದೇ ದಾರಿ ತೋರಿಸುತ್ತದೆ: ಕುಳಿತು ಯೋಚಿಸಿ, ನಿಮ್ಮೊಳಗಿನ ಕರೆ ಆಲಿಸಿ, ಕನಸು ಹಿಡಿದು ಹೊರಡಿ. ನನ್ನ ವಾದ ಇದಕ್ಕೆ ತಿರುಗುಮುರುಗು. ನಡುವಯಸ್ಸಿನ ದಿಕ್ಕು ಕೂತು ಹುಡುಕಿದವರಿಗೆ ಅಪರೂಪಕ್ಕೆ ಸಿಗುತ್ತದೆ. ಕೈಯಲ್ಲಿ ಈಗಾಗಲೇ ಇರುವ ಕಸುಬನ್ನು, ಕಣ್ಣೆದುರಿಗೆ ಇರುವ ಒಂದು ಕೊರತೆಯ ಕಡೆಗೆ, ಇರುವ ಕೆಲಸ ಬಿಡದೆ, ಸಣ್ಣದಾಗಿ ತಿರುಗಿಸಿದವರಿಗೆ ಅದು ಹೆಚ್ಚಾಗಿ ಸಿಗುತ್ತದೆ. ಕೆರೆಯ ನೀರು ಹೊಸದಾಗಿ ಹುಟ್ಟಬೇಕಿಲ್ಲ, ತೂಬು ತೆಗೆಯಬೇಕು, ಅಷ್ಟೆ. ಇದಕ್ಕೆ ಪುರಾವೆ ಹುಡುಕಿಕೊಂಡು ದೂರ ಹೋಗುವ ಅಗತ್ಯವೂ ಇಲ್ಲ, ಈ ಮೂರು ತಾಲ್ಲೂಕುಗಳ ಆಸುಪಾಸಿನಲ್ಲೇ ಇದೆ.

ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರ ಹೆಸರು 2020ರ ಜೂನ್‌ 28ರಂದು ಪ್ರಧಾನಿಯವರ ‘ಮನ್‌ ಕೀ ಬಾತ್‌’ನಲ್ಲಿ ಬಂದಾಗ ದೇಶಕ್ಕೆಲ್ಲ ಗೊತ್ತಾಯಿತು. ಕುರಿ ಮೇಯಿಸುವವರು, ಊರ ಪಕ್ಕದ ಬೆಟ್ಟದಲ್ಲಿ ಹದಿನಾರು ಕಟ್ಟೆ ತೋಡಿದವರು ಎಂದು ಅಲ್ಲಿ ಹೇಳಲಾಯಿತು. 2022ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಅವರಿಗೆ ಎಂಬತ್ತು ದಾಟಿ ಕೆಲವು ವರ್ಷಗಳಾಗಿದ್ದವು. ಪತ್ರಿಕೆಗಳು ಬರೆದಂತೆ ಈ ಕೆಲಸಕ್ಕೆ ನಾಲ್ಕು ದಶಕದ ಇತಿಹಾಸವಿದೆ. ಅಂದರೆ ಲೆಕ್ಕ ಹಿಡಿದರೆ, ಗುದ್ದಲಿ ಹಿಡಿದಾಗ ಅವರು ನಲವತ್ತರ ಆಸುಪಾಸಿನವರು. ಎಂಬತ್ತರ ಅಜ್ಜನ ಸಾಹಸವೆಂದು ಎಲ್ಲರೂ ಹೊಗಳಿದ ಸಂಗತಿ ಅಸಲಿಗೆ ನಡುವಯಸ್ಸಿನಲ್ಲಿ ಶುರುವಾದದ್ದು ಎಂಬ ಮಾತನ್ನು ಆಗ ಯಾರೂ ಎತ್ತಿ ಹೇಳಲಿಲ್ಲ. ಅವರು ಮಾಡಿದ್ದರ ಕ್ರಮ ನೋಡಿ. ಬೆಟ್ಟ ಅವರಿಗೆ ಗೊತ್ತಿತ್ತು, ಏಕೆಂದರೆ ದಿನವೂ ಅಲ್ಲೇ ಕುರಿ ಮೇಯಿಸುತ್ತಿದ್ದರು. ಎಲ್ಲಿ ಮಣ್ಣು ತೇವವಾಗಿರುತ್ತದೆ, ಮಳೆ ನೀರು ಯಾವ ಇಳಿಜಾರು ಹಿಡಿದು ಓಡುತ್ತದೆ ಎಂಬುದು ಕುರಿಗಾಹಿಗೆ ಗೊತ್ತಾಗದಿದ್ದರೆ ಇನ್ಯಾರಿಗೆ ಗೊತ್ತಾಗಬೇಕು? ಬೇಸಿಗೆಯಲ್ಲಿ ಕುರಿಗೂ ಹಕ್ಕಿಗೂ ಕಾಡುಪ್ರಾಣಿಗೂ ಕುಡಿಯಲು ನೀರಿಲ್ಲ ಎಂಬ ಕೊರತೆಯೂ ಅಲ್ಲೇ ಕಣ್ಣಿಗೆ ಬೀಳುತ್ತಿತ್ತು. ಅವರು ಕುರಿ ಬಿಟ್ಟು ಸಮಾಜಸೇವೆಗೆ ಹೊರಡಲಿಲ್ಲ; ಕುರಿ ಮೇಯುತ್ತಿದ್ದಾಗಲೇ ಅಗೆದರು. ಮೊದಲು ಕೈಗೆ ಸಿಕ್ಕ ಕೋಲಿನಲ್ಲಿ, ಆಮೇಲೆ ಗುದ್ದಲಿ, ಸಲಿಕೆಯಲ್ಲಿ, ಇನ್ನೂ ಮುಂದೆ ಕುರಿ ಮಾರಿದ ದುಡ್ಡಿನಲ್ಲಿ ಕೆಲಸ ದೊಡ್ಡದಾಯಿತು. ಬಂದ ಬಹುಮಾನದ ಹಣವೂ ಕಟ್ಟೆಗೇ ಹೋಯಿತು. ಒಂದು ಕಟ್ಟೆ ಆದ ಮೇಲೆ ಇನ್ನೊಂದು. ಮೊದಲ ದಿನವೇ ಹದಿನಾರರ ನಕ್ಷೆ ಬರೆದಿಟ್ಟುಕೊಂಡು ಯಾರೂ ಬೆಟ್ಟ ಹತ್ತುವುದಿಲ್ಲ.

ಇದು ಓದುಬರಹವಿಲ್ಲದವರಿಗಷ್ಟೇ ಹೊಂದುವ ದಾರಿಯಲ್ಲ. ಮಂಡ್ಯದ ಮನೆಮನೆಯಲ್ಲಿ ಪಟವಾಗಿ ಕೂತಿರುವ ಸರ್‌ ಎಂ. ವಿಶ್ವೇಶ್ವರಯ್ಯನವರು ಬೊಂಬಾಯಿ ಸರ್ಕಾರದ ಕೆಲಸದಿಂದ ತಾವಾಗಿಯೇ ನಿವೃತ್ತಿ ಪಡೆದದ್ದು 1908ರಲ್ಲಿ, 47ನೇ ವಯಸ್ಸಿನಲ್ಲಿ. ಮೈಸೂರಿಗೆ ಮುಖ್ಯ ಎಂಜಿನಿಯರಾಗಿ ಬಂದದ್ದು 1909ರ ನವೆಂಬರಿನಲ್ಲಿ. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಅವರು ಊರು ಬದಲಿಸಿದರು, ಒಡೆಯರನ್ನು ಬದಲಿಸಿದರು, ಕಸುಬು ಬದಲಿಸಲಿಲ್ಲ. ಪುಣೆಯ ಖಡಕ್‌ವಾಸ್ಲಾದಲ್ಲಿ ಸ್ವಯಂಚಾಲಿತ ಗೇಟುಗಳನ್ನು ಕೂರಿಸಿದ್ದ ನೀರಿನ ಜ್ಞಾನವೇ ಕಾವೇರಿಗೂ ಬಂತು. ನಾಗಮಂಗಲ ತಾಲ್ಲೂಕು ಹೆರಗನಹಳ್ಳಿಯ ಎಚ್‌.ಎಲ್‌. ನಾಗೇಗೌಡರದು ಇನ್ನೊಂದು ಬಗೆ. 1915ರಲ್ಲಿ ಹುಟ್ಟಿ, ಐಎಎಸ್‌ ಅಧಿಕಾರಿಯಾಗಿ ಊರೂರು ತಿರುಗಿದವರು, 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದರು, 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕ ತೆರೆದರು. ನಿವೃತ್ತಿಯ ಮೇಲೆ ಹುಟ್ಟಿದ ಹವ್ಯಾಸ ಎಂದುಕೊಳ್ಳುವವರಿದ್ದಾರೆ, ತಪ್ಪು. ಕಡತಗಳ ನಡುವೆಯೇ ಅವರು ಹಾಡು, ಕಥೆ ಕೂಡಿಸುತ್ತ, ಪುಸ್ತಕ ಬರೆಯುತ್ತ ಬಂದಿದ್ದರು. ಪರಿಷತ್ತು ಕಟ್ಟುವ ಹೊತ್ತಿಗೆ ಎಷ್ಟೋ ವರ್ಷದ ಸಾಮಗ್ರಿ ಕೈಯಲ್ಲಿತ್ತು. ನಿವೃತ್ತಿಯಾದ ಮೇಲೆ ನೋಡೋಣ ಎನ್ನುವವರು ಇವರ ಬದುಕನ್ನು ಒಮ್ಮೆ ಇಸವಿ ಹಿಡಿದು ಓದಬೇಕು.

ಒಬ್ಬೊಬ್ಬರ ಕಥೆ ಎಷ್ಟು ಹೇಳಿದರೂ ಅವು ಆರಿಸಿ ತಂದ ಕಥೆಗಳೇ. ಅದಕ್ಕಾಗಿ ಒಂದು ಇಡೀ ಊರಿನ ಪುರಾವೆ. ಸ್ಕಾರ್ಲೆಟ್‌ ಎಪ್‌ಸ್ಟೈನ್‌ ಎಂಬ ವಿದ್ವಾಂಸೆ 1954ರಿಂದ 56ರವರೆಗೆ ಮಂಡ್ಯದ ಹತ್ತಿರದ ಎರಡು ಹಳ್ಳಿಗಳಲ್ಲಿ ಅಧ್ಯಯನ ಮಾಡಿ 1962ರಲ್ಲಿ ಪುಸ್ತಕ ತಂದರು. ಹಳ್ಳಿಗಳ ನಿಜ ಹೆಸರು ಮುಚ್ಚಿಟ್ಟು ಒಂದನ್ನು ವಂಗಲ, ಇನ್ನೊಂದನ್ನು ದಲೇನ ಎಂದು ಕರೆದರು. ವಂಗಲಕ್ಕೆ ನಾಲೆಯ ನೀರು ಬಂತು. ದಲೇನದ ಹೊಲಗಳು ನಾಲೆಯ ಮಟ್ಟಕ್ಕಿಂತ ಮೇಲಿದ್ದವು, ನೀರು ಹತ್ತಲಿಲ್ಲ. ವಂಗಲದವರು ಕಬ್ಬು, ಭತ್ತ ಬೆಳೆದು ಅನುಕೂಲವಂತರಾದರು. ಬೇಸಾಯ ಬೇಸಾಯವಾಗಿಯೇ ಉಳಿಯಿತು, ಊರಿನ ಹಳೆಯ ಕಟ್ಟುಪಾಡುಗಳೂ ಹೆಚ್ಚುಕಡಿಮೆ ಹಾಗೇ ಉಳಿದವು. ದಲೇನದವರು ಮಾತ್ರ ಸುಮ್ಮನೆ ಕೂರುವಂತಿರಲಿಲ್ಲ. ಸುತ್ತಲ ಊರುಗಳಲ್ಲಿ ನೀರಾವರಿ ಜಮೀನು ಕೊಂಡರು, ಎತ್ತು ಗಾಡಿ ಇದ್ದವರು ಕಾರ್ಖಾನೆಗೆ ಕಬ್ಬು ಸಾಗಿಸಿದರು, ಕೆಲವರು ವ್ಯಾಪಾರಕ್ಕಿಳಿದರು, ಕೆಲವರು ಮಂಡ್ಯಕ್ಕೆ ಕೆಲಸಕ್ಕೆ ಹೋಗಿ ಬಂದರು. ಸಾಮಾಜಿಕ ಬದಲಾವಣೆ ಹೆಚ್ಚಾಗಿ ಕಂಡದ್ದು ನೀರು ಸಿಗದ ಊರಿನಲ್ಲಿ. ಗಮನಿಸಬೇಕಾದ್ದು ಇಷ್ಟು: ಅವರು ಎತ್ತು, ಗಾಡಿ, ಜಮೀನಿನ ತಿಳಿವಳಿಕೆಯನ್ನು ಬಿಸಾಕಿ ಹೊಸ ಮನುಷ್ಯರಾಗಲಿಲ್ಲ. ಅದೇ ಎತ್ತು, ಅದೇ ಗಾಡಿ. ಹೋದ ದಾರಿ ಬೇರೆ, ಅಷ್ಟೆ. ಸುತ್ತ ಎಲ್ಲೆಲ್ಲೂ ಹೊಸ ಕಬ್ಬು, ಹೊಸ ಕಾರ್ಖಾನೆ ಎದ್ದಾಗ ಹುಟ್ಟಿದ ಸಾಗಣೆಯ ಕೊರತೆಯನ್ನು ತಮ್ಮ ಎತ್ತುಗಳಿಂದ ತುಂಬಿದರು. ವಂಗಲದ ಪಾಠವೂ ಸಣ್ಣದಲ್ಲ. ಬದುಕು ಒಂದು ಮಟ್ಟಕ್ಕೆ ಹಸನಾದವರಿಗೇ ನಡುವಯಸ್ಸಿನಲ್ಲಿ ದಿಕ್ಕು ಬದಲಿಸುವುದು ಹೆಚ್ಚು ಕಷ್ಟ.

ಈಗ ಮಾಡಬೇಕಾದ್ದಕ್ಕೆ ಬರೋಣ. ಎಲ್ಲಕ್ಕಿಂತ ಮೊದಲು ಮೈ ನೋಡಿಕೊಳ್ಳಿ, ಉದ್ದೇಶದ ಮಾತು ಆಮೇಲೆ. ಉತ್ಸಾಹವಿಲ್ಲ, ನಿದ್ದೆ ಕೆಟ್ಟಿದೆ, ಏನೂ ಬೇಡ ಅನ್ನಿಸುತ್ತದೆ ಎನ್ನುವವರಲ್ಲಿ ಎಷ್ಟೋ ಸಲ ಇರುವುದು ಸಕ್ಕರೆ ಕಾಯಿಲೆ, ರಕ್ತಹೀನತೆ ಅಥವಾ ಥೈರಾಯ್ಡ್‌. ಭಾರತದ ಹೆಂಗಸರಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46–47. ಆ ಹೊತ್ತಿನ ಸಿಡುಕು, ಬೆವರು, ನಿದ್ದೆಗೇಡನ್ನು ‘ಅವಳ ಸ್ವಭಾವ’ ಎಂದು ಮನೆಯವರು ತಳ್ಳಿಹಾಕುತ್ತಾರೆ. ಮೂವತ್ತು ದಾಟಿದವರಿಗೆ ಬಿಪಿ, ಶುಗರ್‌ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲೇ ನಡೆಯುತ್ತದೆ. ಎರಡು ವಾರಕ್ಕೂ ಮೀರಿ ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ, ಬದುಕೇ ಬೇಡ ಎಂಬ ಯೋಚನೆ ಬರುತ್ತಿದ್ದರೆ, ಅದು ಹೊಸ ಕಸುಬಿನಿಂದ ಗುಣವಾಗುವಂಥದಲ್ಲ. 14416ಕ್ಕೆ ಕರೆ ಮಾಡಿ. ಇದು ಟೆಲಿ ಮನಸ್‌ ಎಂಬ ಸರ್ಕಾರದ ಉಚಿತ ಸಹಾಯವಾಣಿ, 2022ರಿಂದ ಇದೆ, ಹಗಲು ರಾತ್ರಿ ಕೆಲಸ ಮಾಡುತ್ತದೆ, ಕನ್ನಡದಲ್ಲೇ ಮಾತಾಡಬಹುದು. 2015ರಲ್ಲಿ ಸಾಲುಸಾಲಾಗಿ ರೈತರನ್ನು ಕಳೆದುಕೊಂಡ ಜಿಲ್ಲೆ ಇದು. ಈ ಮಾತನ್ನು ಸಂಕೋಚದಿಂದ ನುಂಗಿಕೊಳ್ಳುವುದು ಸರಿಯಲ್ಲ.

ಮೈ ನೆಟ್ಟಗಿದ್ದರೆ ಒಂದು ನೋಟ್‌ಬುಕ್‌ ತೆಗೆದುಕೊಳ್ಳಿ. ಎಡಗಡೆ ಪುಟದಲ್ಲಿ ನಿಮ್ಮ ಕನಸು ಬರೆಯಬೇಡಿ. ಜನ ನಿಮ್ಮನ್ನು ಯಾವುದಕ್ಕೆ ಹುಡುಕಿಕೊಂಡು ಬರುತ್ತಾರೆ ಎಂಬುದನ್ನು ಬರೆಯಿರಿ. ಪಹಣಿ, ಪೋಡಿ ವಿಚಾರಕ್ಕೆ ಕೇಳುತ್ತಾರೆಯೇ? ಹಸು ಕರು ಹಾಕುವಾಗ ಕೂಗುತ್ತಾರೆಯೇ? ನೂರು ಜನರ ಊಟಕ್ಕೆ ಅಕ್ಕಿ ಬೇಳೆ ಲೆಕ್ಕ ಹಾಕಿಸಿಕೊಳ್ಳುತ್ತಾರೆಯೇ? ಪಾಕ ಹದಕ್ಕೆ ಬಂತೇ ನೋಡಲು ಆಲೆಮನೆಗೆ ಕರೆಯುತ್ತಾರೆಯೇ? ನಮ್ಮ ಕಸುಬು ನಮಗೆ ಕಾಣುವುದಿಲ್ಲ, ಬಳಸಿ ಬಳಸಿ ಅದು ಕಸುಬೆಂದೇ ಅನ್ನಿಸುವುದಿಲ್ಲ; ಆದ್ದರಿಂದ ಈ ಪುಟ ತುಂಬಿಸಲು ನಾಲ್ಕು ಜನರನ್ನು ಕೇಳಲೇಬೇಕು. ಬಲಗಡೆ ಪುಟದಲ್ಲಿ ನೀವು ದಿನವೂ ನೋಡುವ ಕೊರತೆಗಳು: ಊರ ಶಾಲೆಯ ಮಕ್ಕಳಿಗೆ ಗಣಿತ ಹೇಳಿಕೊಡುವವರಿಲ್ಲ, ಒಂಟಿ ಮುದುಕರನ್ನು ಮಂಡ್ಯದ ಆಸ್ಪತ್ರೆಗೆ ಕರೆದೊಯ್ಯುವವರಿಲ್ಲ, ರಾಸಾಯನಿಕ ಹಾಕದ ಬೆಲ್ಲ ಬೇಕೆಂದರೂ ನಂಬಿ ಕೊಳ್ಳುವ ಜಾಗವಿಲ್ಲ, ಕೆರೆ ಕೋಡಿ ಮುಚ್ಚಿದೆ. ಎರಡು ಪುಟದ ನಡುವೆ ಎಲ್ಲಿ ಗೆರೆ ಎಳೆಯಲು ಬರುತ್ತದೋ ಅಲ್ಲಿಂದ ಶುರು. ಮದ್ದೂರು ವಡೆಯ ಹುಟ್ಟಿನ ಬಗ್ಗೆ ಹೇಳುವ ಕಥೆಯೂ ಇಂಥದೇ. 1917ರಲ್ಲಿ ಮದ್ದೂರು ಸ್ಟೇಷನ್ನಿನ ಕ್ಯಾಂಟೀನಿನಲ್ಲಿ ಪಕೋಡಕ್ಕೆ ಕಲಸಿದ್ದ ಹಿಟ್ಟನ್ನೇ, ರೈಲು ಬಂದುಬಿಟ್ಟಿತೆಂದು ತಟ್ಟಿ ಕರಿದರಂತೆ. ಕಥೆ ಎಷ್ಟು ನಿಜವೋ, ಹಿಟ್ಟಂತೂ ಕಲಸಿಟ್ಟದ್ದೇ ಆಗಿತ್ತು.

ಹೊತ್ತಿನ ವಿಚಾರಕ್ಕೆ ನಮ್ಮ ನಾಲೆಯ ಕಟ್ಟುಪದ್ಧತಿಗಿಂತ ಒಳ್ಳೆಯ ಏರ್ಪಾಡು ಕಾಣೆ. ನೀರು ಸಾಲದ ವರ್ಷ ಇಷ್ಟು ದಿನ ಬಿಡುವುದು, ಇಷ್ಟು ದಿನ ನಿಲ್ಲಿಸುವುದು. ಹಾಗೆಯೇ ವಾರದಲ್ಲಿ ಎರಡು ಸಂಜೆ, ಭಾನುವಾರದ ಅರ್ಧ ದಿನ ಹೊಸ ಕೆಲಸಕ್ಕೆ; ಉಳಿದದ್ದು ಹಳೆಯದಕ್ಕೆ. ಆ ಎರಡು ಸಂಜೆಯನ್ನು ಮದುವೆ, ಬೀಗರೂಟ, ಪಂಚಾಯಿತಿ ಕಟ್ಟೆಯ ಮಾತು ನುಂಗದ ಹಾಗೆ ಕಾಯ್ದುಕೊಳ್ಳುವುದೇ ಕಷ್ಟದ ಭಾಗ. ದುಡ್ಡಿಗೂ ಮಿತಿ ಇರಲಿ: ಹೋದರೆ ಹೋಗಲಿ ಎನ್ನುವಷ್ಟು ಮಾತ್ರ. ಒಡವೆ ಅಡ ಇಡುವುದು, ಮೀಟರ್‌ ಬಡ್ಡಿ ತರುವುದು, ಇರುವ ಕೆಲಸಕ್ಕೆ ರಾಜೀನಾಮೆ ಕೊಡುವುದು, ಇವು ಮೊದಲ ವರ್ಷ ಬೇಡವೇ ಬೇಡ. ಕಲಿಯಲು ಜಾಗಗಳಿವೆ. ಬೇಸಾಯ ಸಂಬಂಧಿ ತರಬೇತಿಗೆ ಮಂಡ್ಯದ ವಿ.ಸಿ. ಫಾರಂನ ಕೃಷಿ ವಿಜ್ಞಾನ ಕೇಂದ್ರ. ನಾಟಿ ಭತ್ತದ ತಳಿಗಳ ಬಗ್ಗೆ ಆಸಕ್ತಿಯಿದ್ದರೆ ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್‌ ಗನಿ ಖಾನ್‌ ಉಳಿಸಿಕೊಂಡು ಬಂದಿರುವ ನೂರಾರು ತಳಿಗಳ ಸಂಗ್ರಹ. ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಊಟ ವಸತಿಯೊಂದಿಗೆ ಉಚಿತ ತರಬೇತಿ ಇದೆ, ಆದರೆ ವಯೋಮಿತಿಯೂ ಇದೆ. ಮೊದಲೇ ವಿಚಾರಿಸಿ ಹೋಗಿ. ಕಿರು ಆಹಾರ ಉದ್ದಿಮೆಗಳಿಗಾಗಿ 2020ರಲ್ಲಿ ಬಂದ ಕೇಂದ್ರದ ಯೋಜನೆಯಲ್ಲಿ ಮಂಡ್ಯ ಜಿಲ್ಲೆಗೆ ಗೊತ್ತುಮಾಡಿದ ಉತ್ಪನ್ನ ಬೆಲ್ಲ. ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಕೃಷಿ ಇಲಾಖೆಯಲ್ಲಿ ಕೇಳಿ. ಅರ್ಧಕ್ಕೆ ಬಿಟ್ಟ ಓದು ಕಾಡುತ್ತಿದ್ದರೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ 1996ರಿಂದ ಇಂಥವರಿಗೆಂದೇ ಇದೆ. ಸಬ್ಸಿಡಿ ಇದೆಯೆಂಬ ಕಾರಣಕ್ಕೇ ಕೆಲಸ ಆರಿಸಿಕೊಂಡವರು ಸಬ್ಸಿಡಿ ಮುಗಿದ ದಿನ ಕೆಲಸವನ್ನೂ ಮುಗಿಸುತ್ತಾರೆ, ಅದೊಂದು ನೆನಪಿರಲಿ.

‘ಇದೆಲ್ಲ ಹೊಟ್ಟೆ ತುಂಬಿದವರ ಮಾತು’ ಎನ್ನುವವರಿದ್ದಾರೆ. ಕಬ್ಬಿನ ಬಾಕಿ ಬಾರದೆ, ಕೊನೆಭಾಗಕ್ಕೆ ನೀರು ಬಾರದೆ ಕೂತವನಿಗೆ ಉದ್ದೇಶದ ಪಾಠ ಹೇಳುವುದು ಕ್ರೂರವಲ್ಲವೇ? ಒಂದು ಮಟ್ಟಿಗೆ ನಿಜ. 1933ರಲ್ಲಿ ಹುಟ್ಟಿದ ಮೈಷುಗರ್‌ ಕಾರ್ಖಾನೆ ವರ್ಷಗಟ್ಟಲೆ ನಿಂತು 2022ರಲ್ಲಿ ಮತ್ತೆ ಕಬ್ಬು ಅರೆಯತೊಡಗಿತು. ನಿಂತಿದ್ದಷ್ಟು ಕಾಲ ಕಬ್ಬು ಹೊತ್ತುಕೊಂಡು ಬೇರೆ ಕಾರ್ಖಾನೆಗಳ ಬಾಗಿಲಿಗೆ ಅಲೆದವನ ಮಂಕಿಗೆ ಕಾರಣ ಅವನ ಮನಸ್ಸಲ್ಲ. ವ್ಯವಸ್ಥೆಯ ತಪ್ಪನ್ನು ವ್ಯಕ್ತಿಯ ಹುರುಪಿನಿಂದ ಮುಚ್ಚಬಾರದು. ಆದರೆ ಬಾಕಿಗಾಗಿ ಹೋರಾಡುವುದೂ ಒಂದು ಕೆಲಸವೇ, ಅದಕ್ಕೂ ಕಸುಬು ಬೇಕು: ಅರ್ಜಿ ಬರೆಯುವವರು, ಕಾಗದ ಜೋಡಿಸುವವರು, ಮಾಹಿತಿ ಹಕ್ಕಿನಲ್ಲಿ ಕೇಳುವವರು. ರೈತಸಂಘದ ಒಂದು ಕೊರತೆಯನ್ನು ತುಂಬುವ ನಲವತ್ತೆಂಟರ ಗುಮಾಸ್ತನಿಗೂ ಇದೇ ವಾದ ಅನ್ವಯಿಸುತ್ತದೆ. ಕಾಮೇಗೌಡರು ಹೊಟ್ಟೆ ತುಂಬಿದವರೇನೂ ಆಗಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಇನ್ನು, ‘ಅವರೆಲ್ಲ ಅಸಾಮಾನ್ಯರು’ ಎಂಬ ಮಾತು. ವಿಶ್ವೇಶ್ವರಯ್ಯನವರಿಗೆ ಹೆಸರು, ಪಿಂಚಣಿ ಎರಡೂ ಇದ್ದವು, ಕೆಲಸ ಬಿಡುವ ಧೈರ್ಯ ಅವರಿಗೆ ಸಲ್ಲುತ್ತಿತ್ತು. ಆ ಭಾಗವನ್ನು ಅನುಸರಿಸಬೇಡಿ. ದಲೇನದ ಗಾಡಿಯವರ ಹೆಸರು ಯಾವ ಪಟದಲ್ಲೂ ಇಲ್ಲ, ಅವರನ್ನು ಅನುಸರಿಸಿ.

ಹೆಂಗಸರ ವಿಚಾರದಲ್ಲಿ ಆಕ್ಷೇಪ ಇನ್ನೂ ಗಟ್ಟಿ. ಗಂಡಸಿಗೆ ವಾರಕ್ಕೆ ಎರಡು ಸಂಜೆ ಸಿಗುವುದೇ ಮನೆಯಲ್ಲಿ ಯಾರೋ ಸೊಪ್ಪು ಬಿಡಿಸಿ ಮುದ್ದೆ ತಿರುವುತ್ತಿರುವುದರಿಂದ. ನಲವತ್ತೈದರ ಹೆಂಗಸಿಗೆ ಒಂದು ಕಡೆ ಅತ್ತೆ ಮಾವನ ಆರೈಕೆ, ಇನ್ನೊಂದು ಕಡೆ ಮಗಳ ಬಾಣಂತನ, ನಡುವೆ ಹಸು. ಅವಳಿಗೆ ‘ಹೊತ್ತು ಮಾಡಿಕೋ’ ಎನ್ನುವುದು ಇನ್ನೊಂದು ಹೊರೆ ಹೊರಿಸಿದಂತೆ. ಇದಕ್ಕೆ ಅವಳೊಬ್ಬಳ ಉಪಾಯ ಸಾಲದು, ಮನೆಯ ಕೆಲಸವೇ ಹಂಚಿಕೆಯಾಗಬೇಕು. ಕಟ್ಟುಪದ್ಧತಿಯಲ್ಲಿ ಅವಳ ಪಾಲಿನ ಸಂಜೆ ಗಂಡ ಒಲೆ ಮುಂದೆ ಇರಬೇಕು. ಅಷ್ಟಾದರೆ ಉಳಿದ ದಾರಿ ಈಗ ಸ್ವಲ್ಪ ಸಲೀಸಾಗಿದೆ. ಸ್ತ್ರೀಶಕ್ತಿ ಸಂಘವೋ ಸಂಜೀವಿನಿ ಒಕ್ಕೂಟವೋ ಇಲ್ಲದ ಊರು ಕಡಿಮೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯ ಬಸ್ಸಿನಲ್ಲಿ ಮಳವಳ್ಳಿಯಿಂದ ಮಂಡ್ಯದ ತರಬೇತಿಗೆ ಹೋಗಿಬರಲು ದುಡ್ಡು ಕೇಳಬೇಕಾಗಿಲ್ಲ. ಸಂಘವನ್ನು ಬರೀ ಸಾಲದ ಕಂತು ಕಟ್ಟುವ ಜಾಗವಾಗಿ ಬಿಡದೆ, ಯಾರಿಗೆ ಯಾವ ಕಸುಬಿದೆ ಎಂಬ ಮಾತನ್ನು ಒಂದು ಸಭೆಯಲ್ಲಾದರೂ ಎತ್ತಿ ನೋಡಬಹುದು.

ಜನ ಏನಂದಾರು ಎಂಬ ಭಯಕ್ಕೆ ಉತ್ತರ ಕೊಡಲು ಹೋಗುವುದಿಲ್ಲ. ಜನ ಅಂದೇ ಅನ್ನುತ್ತಾರೆ. ‘ಊರ ಉಸಾಬರಿ ನಿಂಗ್ಯಾಕ್ಲಾ’ ಎಂಬುದು ನಮ್ಮ ಕಡೆಯ ಖಾಯಂ ಮಾತು. ದೇಶವೇ ಹೊಗಳಿದ ಮೇಲೂ ದಾಸನದೊಡ್ಡಿಯಲ್ಲಿ ಅಪಸ್ವರ ಎದ್ದಿತ್ತು. ಆ ಗದ್ದಲಕ್ಕಿಂತ ಮುಖ್ಯವಾದದ್ದು ನಿಮ್ಮ ಪ್ರಯೋಗ ಫಲಿಸದೆ ಹೋದರೆ ಏನು ಎಂಬುದು. ಮೊದಲ ಸಲವೇ ಹಿಡಿಸುವುದು ಅಪರೂಪ, ಎರಡು ಮೂರು ಕೆಲಸ ಮುಟ್ಟಿ ಬಿಡಬೇಕಾಗಬಹುದು. ಅದಕ್ಕಾಗಿಯೇ ಪ್ರತಿಯೊಂದಕ್ಕೂ ಒಂದು ಬೆಳೆಯ ಅವಧಿ ಇಟ್ಟುಕೊಳ್ಳಿ, ನಾಲ್ಕೈದು ತಿಂಗಳು. ನೋಟ್‌ಬುಕ್ಕಿನಲ್ಲಿ ಪ್ರತಿ ವಾರ ಮೂರು ಸಾಲು: ಎಷ್ಟು ಹೊತ್ತು ಕೊಟ್ಟೆ, ಎಷ್ಟು ದುಡ್ಡು ಹೋಯಿತು, ಯಾರಾದರೂ ಮತ್ತೆ ಹುಡುಕಿಕೊಂಡು ಬಂದರೇ. ಅವಧಿ ಮುಗಿದಾಗ ಮೂರನೆಯ ಸಾಲು ಖಾಲಿ ಇದ್ದರೆ ಕೊರತೆಯನ್ನು ತಪ್ಪಾಗಿ ಗುರುತಿಸಿದ್ದೀರಿ, ಬಲಗಡೆ ಪುಟಕ್ಕೆ ವಾಪಸು ಹೋಗಿ. ಜನ ಬಂದಿದ್ದಾರೆ, ಆದರೆ ನಿಮಗೇ ಬೇಸರ ಎಂದಾದರೆ ಎಡಗಡೆಯ ಪುಟದಲ್ಲಿ ತಪ್ಪಿದೆ. ಆ ಪುಸ್ತಕವನ್ನು ಆಗಾಗ ಮನೆಯವರಿಗೂ ತೋರಿಸಿ. ಹೊತ್ತಿನ ಲೆಕ್ಕ ಎಲ್ಲಿ ಸುಳ್ಳು ಬರೆದಿದ್ದೀರಿ ಎಂಬುದು ಮೊದಲು ಗೊತ್ತಾಗುವುದು ಅವರಿಗೇ.